ತೊಳೆದ ಚೆಂಡು

ನಾನು ಒಂದು ವಾಲಿಬಾಲ್. ಅದಕ್ಕೂ ಮೊದಲು ಸತ್ತ ಎತ್ತಿನ ತೊಗಲಾಗಿದ್ದೆ. ನನ್ನನ್ನು ಸುಲಿದವರು, ಹದ ಮಾಡಿದವರು, ಹೊಲಿದವರು ಯಾವ ಕೇರಿಯವರೆಂದು ಬೇರೆ ಹೇಳಬೇಕೆ? ಕೊಪ್ಪಳದ ಕಡೆಯ ಊರೊಂದರ ತಂಡ ನನ್ನನ್ನು ಕೊಂಡಾಗ ಅದನ್ನು ಯಾರೂ ಕೇಳಲಿಲ್ಲ.

ಆ ತಂಡದಲ್ಲಿ ಕೇರಿಯಿಂದ ಬಂದವನು ಹುಲುಗಪ್ಪ ಒಬ್ಬನೇ. ನೆಟ್ಟಿನ ಬಳಿ ನಿಂತು ಚೆಂಡು ಎತ್ತಿಕೊಡುವುದು ಅವನ ಕೆಲಸ. ಅಂಥ ಬೆರಳು ನನಗೆ ಮತ್ತೆ ಸಿಕ್ಕಲಿಲ್ಲ. ಆಟ ನಡೆಯುವಾಗ ನಾಯಕ ಮಲ್ಲನಗೌಡ "ಹುಲುಗಪ್ಪಣ್ಣ, ಎತ್ತು ನನಗ" ಎಂದು ಕೂಗುತ್ತಿದ್ದ. ಆಟ ಮುಗಿದರೆ "ಲೇ ಹುಲುಗ್ಯಾ". ಕುಡಿಯುವ ನೀರನ್ನು ಅವನ ಬೊಗಸೆಗೆ ಮೇಲಿಂದ ಸುರಿಯುತ್ತಿದ್ದರು. ಅವನು ಅದಕ್ಕೂ ನಗುತ್ತಿದ್ದ. ನನಗೆ ಅವನ ಮೇಲೇ ಸಿಟ್ಟು ಬರುತ್ತಿತ್ತು.

ಗೆದ್ದ ಶೀಲ್ಡನ್ನೂ ಚೆಂಡನ್ನೂ ಹನುಮಪ್ಪನ ಗುಡಿಯಲ್ಲಿಟ್ಟು, ಆಡಿದವರೆಲ್ಲ ಒಳಗೆ ಸಾಲಾಗಿ ನಿಂತು ಮಂಗಳಾರತಿ ತೆಗೆದುಕೊಳ್ಳುವುದು ಆ ಊರಿನ ಪದ್ಧತಿ. ಆ ಸಾಲಿನಲ್ಲಿ ಒಂದು ಸಲ ನಿಲ್ಲಬೇಕೆಂಬುದೇ ಹುಲುಗಪ್ಪನ ಆಸೆ. ತಾಲ್ಲೂಕು ಪಂದ್ಯದ ಹಿಂದಿನ ದಿನ ಮಲ್ಲನಗೌಡ ತಾನಾಗಿಯೇ ಮಾತು ಕೊಟ್ಟ. "ಶೀಲ್ಡ್ ತರೋಣ. ನೀನೂ ನಮ್ಮ ಸಾಲಿನಾಗ ನಿಂದರ್ತಿ."

ಗೆದ್ದೆವು. ಹುಲುಗಪ್ಪನನ್ನು ಹೆಗಲ ಮೇಲೆ ಹೊತ್ತು ತಂದು ಗುಡಿಯ ಕಟ್ಟೆಯ ಹತ್ತಿರ ಇಳಿಸಿದರು. ಉಳಿದವರು ಒಳಗೆ ಹೋದರು.

"ನೀ ಇಲ್ಲೇ ನಿಂದ್ರು, ಪ್ರಸಾದ ಕಳಸ್ತೀನಿ" ಎಂದ ಮಲ್ಲನಗೌಡ, ಅವನ ಮುಖ ನೋಡದೆ.

"ಮಾತು ಕೊಟ್ಟಿದ್ರಲ್ರೀ ಗೌಡ್ರ."

"ಹಿರಿಯಾರು ಕುಂತಾರಲೇ. ಗೆದ್ದ ದಿನ ಜಗಳ ಬ್ಯಾಡ."

ನನ್ನನ್ನು ಮಾತ್ರ ಒಳಗೆ ಒಯ್ದರು. ಅದಕ್ಕೆ ಮೊದಲು ಹುಲುಗಪ್ಪನ ಕೈಬೆವರು ಹೋಗಲೆಂದು ಪೂಜಾರಿ ನನ್ನ ಮೇಲೆ ಎರಡು ಕೊಡ ನೀರು ಸುರಿದು ತಿಕ್ಕಿದ. ತೊಗಲಿನ ಚೆಂಡನ್ನು ನೆನೆಸಬಾರದೆಂದು ಆಡಿದವರಿಗೆಲ್ಲ ಗೊತ್ತಿತ್ತು. ಬಾಯಿ ಬಿಟ್ಟವನು ಹೊರಗೆ ನಿಂತವನೊಬ್ಬನೇ. "ನೀರು ಹಾಕಬ್ಯಾಡ್ರಿ, ಚೆಂಡು ಕೆಡ್ತೈತ್ರಿ." ಯಾರೂ ತಿರುಗಿ ನೋಡಲಿಲ್ಲ.

ನನ್ನ ಹೊಲಿಗೆ ಕೊಳೆಯಿತು, ಗಾಳಿ ನಿಲ್ಲದಾಯಿತು. ಊರವರು ಬೇರೆ ಚೆಂಡು ತಂದರು. ಹುಲುಗಪ್ಪ ಮೈದಾನಕ್ಕೆ ಬರಲಿಲ್ಲ, ಕರೆಯಲು ಯಾರೂ ಹೋಗಲಿಲ್ಲ. ಆಟದಿಂದ ಊರು ಒಂದಾಗುತ್ತದೆಂದು ಇದೇ ಕಟ್ಟೆಯ ಮೇಲೆ ವರ್ಷಕ್ಕೊಮ್ಮೆ ಭಾಷಣ ಮಾಡುತ್ತಾರೆ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ಚಪ್ಪಟೆಯಾಗಿ ಗುಡಿಯ ಮೂಲೆಯಲ್ಲಿ ಬಿದ್ದಿರುವ ನನಗೆ ಶನಿವಾರಕ್ಕೊಮ್ಮೆ ಹೂವೇರಿಸುತ್ತಾರೆ.

ಹೋದ ವಾರ ಹುಲುಗಪ್ಪ ಬಂದಿದ್ದ. ತಲೆ ನರೆತಿದೆ. ಒಳಗೆ ಬರದಿದ್ದರೂ ಚಪ್ಪಲಿ ಬಿಟ್ಟೇ ನಿಂತಿದ್ದ.

"ಆ ಚೆಂಡು ಕೊಡ್ರಿ ಪೂಜಾರಪ್ಪ, ಹೊಲಿದು ತಂದುಕೊಡ್ತೀನಿ."

"ಅದು ದೇವರದೈತಿ. ನೀ ಮುಟ್ಟಂಗಿಲ್ಲ."

ಅವನು ಎರಡು ಕೈಗಳನ್ನೂ, ಹಿಂದೆ ಆಟದಲ್ಲಿ ನಾನು ಬರುವಾಗ ಎತ್ತುತ್ತಿದ್ದ ಹಾಗೆಯೇ, ಅರ್ಧ ಎತ್ತಿದ. ಆಮೇಲೆ ಅವನ್ನೇ ಜೋಡಿಸಿ ಮುಗಿದು, ಹೊರಟುಹೋದ.