ಗಂಗರಾಜುವಿನ ಹಾಜರಿ

ರಾಜಧಾನಿಯಂಚಿನ ಉಲ್ಲಾಳದ ಬಳಿಯ ಕ್ಯಾಂಪಸ್ಸಿಗೆ ಸೇರಿ ವಾರವಾದರೂ ಅಭಿನವನನ್ನು ತಾನಾಗಿ ಮಾತಾಡಿಸಿದವನು ಗಂಗರಾಜು ಒಬ್ಬನೇ. ಉಳಿದವರ ಸ್ನೇಹವೂ ಬೇಕೆನಿಸಿ ಅಭಿನವ ಕ್ಯಾಂಟೀನಿನಲ್ಲಿ ಗಂಗರಾಜು ತನ್ನ ಹಳ್ಳಿ ಮಾತಿನಲ್ಲಿ ‘ಇದೀನಿ ಸಾರ್’ ಎಂದು ಹಾಜರಿ ಹೇಳುವುದನ್ನು ಮಿಮಿಕ್ರಿ ಮಾಡಿದ. ಎದೆಯುಬ್ಬಿಸಿ, ಕೊನೆ ಎಳೆದು, “ಇವ್ನಿ ಸಾ…!”

“ಸೂಪರ್ ಮಗಾ, ಇನ್ನೊಂದ್ಸಲ!” ಎಂದು ಎಲ್ಲರೂ ಟೇಬಲ್ ಬಡಿದು ನಕ್ಕರು.

ಅಷ್ಟರಲ್ಲಿ ಹಿಂದಿನಿಂದ ಬಂದ ಗಂಗರಾಜು ಅಭಿನವನ ಮುಂದೆ ಕಾಫಿ ಇಟ್ಟ. “ಸಕ್ಕರೆ ಕಮ್ಮಿ ಹಾಕ್ಸಿವ್ನಿ ಕಣೋ” ಎಂದ. ಎಲ್ಲರೂ ಮತ್ತೆ ನಕ್ಕರು. ಅಭಿನವನೂ ನಕ್ಕುಬಿಟ್ಟ.

ಮರುದಿನ ಹಾಜರಿಗೆ ಗಂಗರಾಜು ಬಾಯಿ ತೆರೆಯಲಿಲ್ಲ, ಕೈ ಎತ್ತಿದ. ಮೇಷ್ಟ್ರು ತಲೆಯೆತ್ತದೆ, “ಗಂಗರಾಜು ಬಂದಿಲ್ವೇನ್ರಪ್ಪಾ?” ಎಂದರು.

“ನೀನೇ ಹೇಳು ಗುರು, ಅವನ್ ಥರ!” ಎಂದು ಹೊಸ ಗೆಳೆಯರು ಅಭಿನವನ ಪಕ್ಕೆ ತಿವಿದರು.

ಯಾರ ದನಿಯನ್ನಾದರೂ ಅನುಕರಿಸಬಲ್ಲ ಅಭಿನವನಿಗೆ, ‘ಇದಾನೆ ಸಾರ್’ ಎನ್ನಲು ತನ್ನ ದನಿಯೇ ಹೊರಡಲಿಲ್ಲ. ಗಂಗರಾಜು ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.