ಇಪ್ಪತ್ತೊಂದು ದಿನದ ಮೇವು

ಮೀನುಮರಿ ಕೇಂದ್ರದಲ್ಲಿ ಮೇವು ಕಲಸುವ ಸೊಸೆ ಒಮ್ಮೆ ಊಟಕ್ಕೆ ಕೂತಾಗ ಜಂಬದಿಂದ ಹೇಳಿದ್ದಳು: "ನಮ್ಮ ಔಷಧಿ ಬೆರೆಸಿ ಇಪ್ಪತ್ತೊಂದು ದಿನ ತಿನ್ನಿಸಿದ್ರೆ ಸಾಕು ಅತ್ತೆ, ಹೆಣ್ಣಾಗೋ ಮರೀನೂ ಗಂಡಾಗುತ್ತೆ. ಒಂದು ದಿನಾನೂ ತಪ್ಪಬಾರದು ಅಷ್ಟೆ."

ಅದೇ ಕೇಂದ್ರದಲ್ಲಿ ಕಸ ಗುಡಿಸುವ ಅತ್ತೆ, ಎರಡು ಹೆಣ್ಣು ಹೆತ್ತು ಮತ್ತೆ ಬಸುರಿಯಾಗಿದ್ದ ಸೊಸೆಯ ಹೊಟ್ಟೆಯನ್ನೇ ನೋಡುತ್ತಾ ಕೂತರು.

ಮರುದಿನದಿಂದ ಹಾಲು ಕಾಯಿಸಿ ಕೊಡುವ ಕೆಲಸ ಅವರದೇ ಆಯಿತು. ಇಂಥ ಅತ್ತೆ ಯಾರಿಗುಂಟು ಎಂದು ಸೊಸೆ ಹಿಗ್ಗಿದಳು. ದಿನವಿಡೀ ಮೇವಿನ ವಾಸನೆಯಲ್ಲೇ ಮುಳುಗಿರುವ ಮೂಗಿಗೆ ಏನೂ ತಿಳಿಯಲಿಲ್ಲ.

ನಾಲ್ಕು ದಿನ ರಜೆ ಹಾಕಿ ಮನೆಯಲ್ಲಿದ್ದವಳು ಇಂದು ಬೆಳಿಗ್ಗೆ ಲೋಟ ಎತ್ತಿದಾಗ ಹಾಲಿನಲ್ಲಿ ಮೇವಿನ ಮೀನುಪುಡಿ ನಾರಿತು. ಲೋಟ ಕೆಳಗಿಟ್ಟಳು.

"ಕುಡಿಯಮ್ಮ," ಅತ್ತೆ ಪ್ರೀತಿಯಿಂದ ತಲೆ ಸವರಿದರು. "ಇದೊಂದು ಲೋಟ ಕುಡಿದುಬಿಟ್ರೆ ಇಪ್ಪತ್ತೊಂದು ದಿನ ಆಗುತ್ತೆ."