ಇಬ್ಬರು ಶಿವಕಾಂತಮ್ಮಂದಿರು

ಕಮಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಔಷಧ ಏರಿಸಲು ನಾಲ್ಕು ಹಾಸಿಗೆಯ ಕೋಣೆಯೊಂದು ತೆರೆಯಲಿತ್ತು. ಅಲ್ಲಿನ ಆರು ಮಂದಿ ನರ್ಸುಗಳಿಗೆ ಕಲಿಸಲು ಪಂಚಶೀಲಾಳನ್ನು ಕಳಿಸುವುದೆಂದು ಕಲಬುರಗಿಯಲ್ಲಿ ಅವಳು ಕೆಲಸ ಮಾಡುವ ಆಸ್ಪತ್ರೆಯವರು ತೀರ್ಮಾನಿಸಿದರು. ಸುದ್ದಿ ಕೇಳಿದ ಕೂಡಲೇ ಅವಳು ಫೋನು ಹಚ್ಚಿದ್ದು ಅಂಬರೀನ್ ಸಿಸ್ಟರ್‌ಗೆ. ಅವಳಿಗೆ ಈ ಕೆಲಸ ಕಲಿಸಿದವರು ಅವರೇ. ಈಗ ನಿವೃತ್ತರಾಗಿ, ಮೊಣಕಾಲು ನೋವಿನಿಂದ ಮನೆಯಲ್ಲೇ ಇದ್ದರು.

"ಸಿಸ್ಟರ್, ನಮ್ಮೂರಾಗ ಟ್ರೇನಿಂಗ್ ಕೊಡಾಕ ನನ್ನ ಕಳಸಾಕತ್ತಾರ್ರಿ."

"ಎಷ್ಟು ದಿನ?"

"ಹದಿನೈದು ದಿನ್ರಿ."

"ಕಮ್ಮಿ ಆಯ್ತು ಬೇಟಾ. ನಿಮಗ ನಾ ಆರು ವಾರ ತಗೊಂಡಿದ್ದೆ. ಆದ್ರೂ ನೀ ಏನ್ ಮಾಡಿದ್ದಿ, ನೆನಪದ ಇಲ್ಲ?"

ಪಂಚಶೀಲಾ ನಕ್ಕಳು. ನೆನಪಿಲ್ಲದೆ ಏನು.

ಹದಿಮೂರು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಇಪ್ಪತ್ತೆರಡು. ಅಪ್ಪ ತುಕಾರಾಮ ಕಮಲಾಪುರದಲ್ಲಿ ಬೇರೆಯವರ ಬಾಳೆತೋಟದಲ್ಲಿ ಕೂಲಿಗೆ ಹೋಗುತ್ತಿದ್ದ. ಮಗಳು ನರ್ಸಿಂಗ್ ಮುಗಿಸಿ ಕಲಬುರಗಿಯ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡ ದಿನ ಆತ ಹೊಸ ಟೋಪಿ ಕೊಂಡು ಬಂದು ಗೇಟಿನ ಹೊರಗೇ ನಿಂತು ನೋಡಿ ಹೋಗಿದ್ದ. ಅವಳ ಜೊತೆ ಕ್ಯಾನ್ಸರ್ ವಾರ್ಡಿಗೆ ಸೇರಿದವಳು ಬೀದರಿನ ಪ್ರೀತಿ. ಇಬ್ಬರೂ ಅಂಬರೀನ್ ಸಿಸ್ಟರ್ ಕೈಗೆ ಸಿಕ್ಕರು.

ಅಂಬರೀನ್ ಸಿಸ್ಟರ್ ಕುಳ್ಳಗೆ, ದಪ್ಪಗೆ, ಸದಾ ಏಲಕ್ಕಿ ಜಗಿಯುತ್ತಿದ್ದ ಹೆಂಗಸು. ಮೊದಲ ಎರಡು ವಾರ ರೋಗಿಗಳ ಹತ್ತಿರ ಬಿಡಲೇ ಇಲ್ಲ. "ಈ ಔಷಧ ರಗತದಾಗ ಹೋದ್ರ ದವಾ. ಚರ್ಮದಾಗ ಸೋರಿದ್ರ ಬೆಂಕಿ" ಎಂದು ಹೇಳಿ, ಪಂಚಶೀಲಾ ಕಮಲಾಪುರದಿಂದ ಬರುವಾಗ ಕೆಂಪು ಬಾಳೆಕಾಯಿ ತರಬೇಕೆಂದು ಅಪ್ಪಣೆ ಮಾಡಿದರು. ತುಕಾರಾಮ ತೋಟದ ಮಾಲೀಕರನ್ನು ಕೇಳಿ ಒಂದು ಚಿಪ್ಪು ಕಳಿಸಿದ. ಸಿಸ್ಟರ್ ಮೇಜಿನ ಮೇಲೆ ಕಾಯಿ ಇಟ್ಟು, ಸಿಪ್ಪೆಯ ಕೆಳಗೆ ಸೂಜಿ ತೂರಿಸಿ, ಬಣ್ಣದ ನೀರು ಬಿಟ್ಟರು.

"ಸೋರಿದ್ದು ಕಾಣ್ತದೇನು?"

"ಇಲ್ರೀ. ಸಿಪ್ಪಿನೂ ಕೆಂಪ, ನೀರೂ ಕೆಂಪ" ಎಂದಳು ಪ್ರೀತಿ.

"ಕಾಣಂಗಿಲ್ಲ. ಸೋರಿದ್ರ ಚರ್ಮ ಕೆಂಪಾಗ್ತದ ಅಂತ ಪುಸ್ತಕದಾಗ ಬರದಾರ. ಬಿಸಿಲಾಗ ದುಡಿದ ಕೈಮ್ಯಾಲೆ ಕೆಂಪು ಎಲ್ಲಿ ಕಾಣ್ತದ? ಬೆರಳಿಲೆ ಮುಟ್ಟಿ ನೋಡ್ರಿ, ಉಬ್ಬ್ಯಾದೇನು, ತಣ್ಣಗ ಆಗ್ಯಾದೇನು. ಮತ್ತ ಬಾಯಿಬಿಟ್ಟು ಕೇಳ್ರಿ, ಉರಿತದೇನವ್ವಾ ಅಂತ."

"ಬಾಳಿಕಾಯಿಗೆ ಏನು ಕೇಳೋದ್ರಿ?"

"ಕೇಳು. ರೂಢಿ ಆಗ್ಲಿ."

ಹಾಗೆ ಇಬ್ಬರೂ ಹುಡುಗಿಯರು ಬಾಳೆಕಾಯಿಯನ್ನು ಎಡಗೈಯಲ್ಲಿ ಹಿಡಿದು, "ಉರಿತದೇನ್ರೀ? ಹೇಳ್ರಿ, ಅಂಜಬ್ಯಾಡ್ರಿ" ಎಂದು ದಿನವಿಡೀ ಕೇಳಿದರು. ಬಾಗಿಲಲ್ಲಿ ನಿಂತ ವಾರ್ಡಿನ ಆಯಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ದಿನಗಳಷ್ಟು ಹಗುರಾದ ದಿನಗಳು ಆಮೇಲೆ ಬರಲಿಲ್ಲ ಎಂದು ಪಂಚಶೀಲಾಳಿಗೆ ಈಗಲೂ ಅನಿಸುತ್ತದೆ.

ಸಿಸ್ಟರ್ ಕಲಿಸಿದ್ದರಲ್ಲಿ ಅವಳಿಗೆ ಬೇಡವಾದದ್ದು ಒಂದೇ. ಪ್ರತಿ ಸಲ ಔಷಧ ಕೊಡುವ ಮೊದಲು ಇಬ್ಬರು ನರ್ಸುಗಳು ರೋಗಿಯ ಮುಂದೆ ನಿಲ್ಲಬೇಕು. ರೋಗಿ ತನ್ನ ಬಾಯಿಂದಲೇ ಹೆಸರು, ಊರು ಹೇಳಬೇಕು. ಒಬ್ಬಳು ಚೀಟಿಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಔಷಧದ ಮೇಲಿನದ್ದನ್ನು ಓದಬೇಕು. ಹುಟ್ಟಿದ ತಾರೀಖನ್ನೂ ಕೇಳಬೇಕೆಂದಿತ್ತು. ಆದರೆ ಮುದುಕಿಯರು "ರಜಾಕಾರರ ಗದ್ಲದಾಗ ಹುಟ್ಟೀನಿ" ಎನ್ನುತ್ತಿದ್ದರು. ಸಿಸ್ಟರ್ ತಾರೀಖು ಬಿಟ್ಟು ಆಸ್ಪತ್ರೆ ಚೀಟಿಯ ನಂಬರು ಹಿಡಿದರು.

ಹೆಸರು ಕೇಳುವುದೆಂದರೆ ಪಂಚಶೀಲಾಳಿಗೆ ಆಗುತ್ತಿರಲಿಲ್ಲ. ಅವಳು ಕಂಡಂತೆ ಹೆಸರು ಕೇಳಿದವರು ಊರು ಕೇಳುತ್ತಿದ್ದರು, ಊರಾದ ಮೇಲೆ ಅಪ್ಪನ ಹೆಸರು. ಕಲಬುರಗಿಯಲ್ಲಿ ಬಾಡಿಗೆಗೆ ಖೋಲಿ ಹುಡುಕುವಾಗ ಮೂರು ಮನೆಗಳವರು ಹಾಗೆ ಕೇಳಿ ಮುಗಿಸಿ, "ಖೋಲಿ ಮೊನ್ನೇ ಹೋಗ್ಯಾದವ್ವ" ಎಂದಿದ್ದರು. ಪೂರಾ ಹೆಸರಿನಲ್ಲೇ ಜಾತಿ ಗೊತ್ತಾಗುತ್ತದೆಂದು ವಾರ್ಡಿನಲ್ಲಿ ಎಲ್ಲರಿಗೂ ಅವಳು ಬರೀ 'ಶೀಲಾ' ಎಂದು ಹೇಳಿಕೊಂಡಿದ್ದಳು.

ಮಹಾಗಾಂವದ ಶಿವಕಾಂತಮ್ಮ ಎಂಬ ರೋಗಿ ಅಷ್ಟಕ್ಕೇ ಬಿಡಲಿಲ್ಲ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಹತ್ತು ಎಕರೆ ತೊಗರಿ ಬೆಳೆಯುವ ಮನೆಯ ಯಜಮಾನತಿ. ಎದೆಗಡ್ಡೆಗೆ ಕೆಂಪು ಔಷಧ ತೆಗೆದುಕೊಳ್ಳುತ್ತಿದ್ದಳು. ಮೊದಲ ಸಲ ಪಂಚಶೀಲಾ ಹೆಸರು ಕೇಳಿದಾಗ ಆಕೆ ಹೇಳಿ, "ನೀ ಯಾರ ಪೈಕಿ?" ಎಂದು ತಿರುಗಿ ಕೇಳಿದಳು. ಪಂಚಶೀಲಾ ಕೇಳಿಸದವಳಂತೆ ಟ್ರೇ ಎತ್ತಿಕೊಂಡು ಹೋದಳು. ಅಂದಿನಿಂದ ಆಕೆಯ ಕುರ್ಚಿಯ ಮುಂದೆ ನಿಂತು ಹೆಸರು ಕೇಳುವುದನ್ನೇ ಬಿಟ್ಟಳು. ಕಿಟಕಿ ಪಕ್ಕದ ಕುರ್ಚಿ ಎಂದರೆ ಆಕೆ, ಅಷ್ಟೇ.

ಆರನೇ ವಾರ ಇನ್ನೊಬ್ಬ ಶಿವಕಾಂತಮ್ಮ ಬಂದಳು. ಕೋಟನೂರಿನವಳು, ಪಂಚಶೀಲಾಳ ಮನೆಯವರಂತೆ ಬುದ್ಧನ ಫೋಟೋಕ್ಕೆ ಕೈಮುಗಿಯುವವಳು, ಮಾತಾಡಿದರೆ ಅವಳಿಗೆ ಸ್ವಂತ ಅತ್ತೆಯಂತೆ ಅನಿಸುತ್ತಿದ್ದಳು. ಆಕೆಗೆ ಗರ್ಭಕೋಶದ ಕ್ಯಾನ್ಸರ್. ಆಕೆಯ ಔಷಧ ನೀರಿನಂತೆ ಬಣ್ಣವಿಲ್ಲದ್ದು.

ಅವತ್ತು ಮಧ್ಯಾಹ್ನ ಕೋಟನೂರಿನವಳಿಗೆ ಹೊಟ್ಟೆ ತೊಳಸಿತು. ಗಾಳಿ ಬೇಕೆಂದಳು. ಮಹಾಗಾಂವದವಳು ಎದ್ದು ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು. ಪಂಚಶೀಲಾ ಆಗ ಔಷಧದ ಕೋಣೆಯಲ್ಲಿದ್ದಳು. ಎರಡು ಜೊತೆ ಕೈಗವಸು ಹಾಕಿ, ಕೆಂಪು ಔಷಧದ ಸಿರಿಂಜ್ ತಂದಳು. ಪ್ರೀತಿ ದೂರದಲ್ಲೇ ಕೂತು, ಇಬ್ಬರೂ ನೋಡಿದೆವೆಂದು ರಜಿಸ್ಟರಿಗೆ ಸಹಿ ಹಾಕಿದ್ದಳು. ಕಿಟಕಿ ಪಕ್ಕ ಒಬ್ಬಳು ಸೆರಗು ಮುಖಕ್ಕೆ ಎಳೆದುಕೊಂಡು ಕುರ್ಚಿಗೆ ಒರಗಿದ್ದಳು.

"ಶಿವಕಾಂತಮ್ಮ ಅಲ್ರೀ?"

"ಹೂಂ" ಎಂದಿತು ಸೆರಗು.

ಪಂಚಶೀಲಾ ಸಿರಿಂಜನ್ನು ನಳಿಗೆಗೆ ಜೋಡಿಸಿದಳು. ಒತ್ತಲು ಹೆಬ್ಬೆರಳು ಮೇಲಿತ್ತು.

"ಏ ಹುಡುಗಿ!" ಆಚೆ ಕುರ್ಚಿಯಿಂದ ಮಹಾಗಾಂವದ ಶಿವಕಾಂತಮ್ಮ ಕೂಗಿದಳು. "ಅದು ನಂದು ಕೆಂಪು ಔಷಧ! ಆಕಿಗ್ಯಾಕ ಹಾಕಾಕತ್ತಿ?"

ಹೆಬ್ಬೆರಳು ನಿಂತಿತು. ಒಂದು ಹನಿಯೂ ಹೋಗಿರಲಿಲ್ಲ. ಅವಳು ಸಿರಿಂಜನ್ನು ಬಿಡಿಸಿ ಟ್ರೇಯಲ್ಲಿಟ್ಟಳು. ಪ್ರೀತಿ ಓಡಿಬಂದು ಕಿವಿಯಲ್ಲಿ, "ಏನೂ ಆಗಿಲ್ಲಲ್ಲ, ಸುಮ್ಮನಿರು. ಇಬ್ಬರ ನೌಕರಿನೂ ಹೋಗ್ತದ" ಎಂದಳು.

ಎರಡು ತಾಸು ಸುಮ್ಮನಿದ್ದಳು. ಎಲ್ಲರ ಔಷಧ ಮುಗಿದ ಮೇಲೆ ಅಂಬರೀನ್ ಸಿಸ್ಟರ್ ಕೈತೊಳೆಯುತ್ತಿದ್ದಾಗ ಹೋಗಿ ನಿಂತು ಎಲ್ಲ ಹೇಳಿಬಿಟ್ಟಳು.

"ಒಂದ್ ಹನಿನೂ ಹೋಗಿಲ್ಲ?"

"ಇಲ್ರೀ."

ಸಿಸ್ಟರ್ ನಳ ಬಂದ್ ಮಾಡಿ, ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಬೈಯುತ್ತಾರೆಂದು ಪಂಚಶೀಲಾ ಕಾದಳು. ಅವರು ಚಹಾ ತರಿಸಿದರು.

"ಯಾಕ ಹೆಸರು ಕೇಳಲಿಲ್ಲ? ಖರೇ ಹೇಳು."

ಖರೇ ಹೇಳುವಾಗ ಅಳು ಬಂತು. ಖೋಲಿಯ ಮಾತು, ಯಾರ ಪೈಕಿ ಎಂಬ ಮಾತು, ಶೀಲಾ ಎಂದು ಕತ್ತರಿಸಿಕೊಂಡ ಹೆಸರಿನ ಮಾತು, ಎಲ್ಲವೂ ಬಂದವು. ಸಿಸ್ಟರ್ ಚಹಾದ ಕಪ್ಪು ತಿರುಗಿಸುತ್ತಾ ಕೇಳಿದರು.

"ನನ್ನ ಹೆಸರು ಹೇಳಿದಾಗೂ ಮಂದಿ ಮುಖ ಹೆಂಗ ಆಗ್ತದ ನೋಡೀನಿ ಬೇಟಾ. ಗೊತ್ತದ." ಕಪ್ಪು ಕೆಳಗಿಟ್ಟು ಅಂದರು, "ಹೈದರಾಬಾದಿನಾಗ ನಾ ಹೊಸದಾಗಿ ಇದ್ದಾಗ ಇಮಾಮುದ್ದೀನ್ ಅಂತ ಒಬ್ಬ ಟೇಲರ್. ಉರಿತದ ಅಂದ. ಸ್ವಲ್ಪ ಉರಿತದ, ತಡ್ಕೋ ಅಂದೆ. ಔಷಧ ಚರ್ಮದಾಗ ಸೋರಿತ್ತು. ಎರಡು ಬೆರಳು ಮಡಚಾಕ ಬರಲಿಲ್ಲ ಅವನಿಗೆ. ನಾ ಯಾರಿಗೂ ಹೇಳಲಿಲ್ಲ. ಬರೀಲೂ ಇಲ್ಲ. ನನ್ನ ನಂತರ ಬಂದ ಹುಡುಗಿನೂ ಅದೇ ತಪ್ಪು ಮಾಡಿದ್ಲು." ವಾರ್ಡಿನಲ್ಲಿ ಆದ ತಪ್ಪುಗಳನ್ನು ಬರೆಯುವ ಉದ್ದನೆಯ ಪುಸ್ತಕವನ್ನು ಅವಳ ಮುಂದೆ ತಳ್ಳಿದರು. "ನೀ ಬರಿ. ಪ್ರೀತಿನೂ ಕರಿ."

ನೌಕರಿ ಹೋಗಲಿಲ್ಲ. ಇನ್ನೊಂದು ತಿಂಗಳು ಸಿಸ್ಟರ್ ಎದುರಿಲ್ಲದೆ ಇಬ್ಬರೂ ಔಷಧ ಮುಟ್ಟಬಾರದೆಂದಾಯಿತು. ಕೋಟನೂರಿನವಳಿಗೆ ಅಂದೇ ಸಂಜೆ ನಡೆದದ್ದನ್ನು ಹೇಳಿದಾಗ ಆಕೆ ಎದೆ ಮೇಲೆ ಕೈ ಇಟ್ಟುಕೊಂಡು, "ಬದುಕೀನಲ್ಲ, ಬಿಡು ಮಗಳ" ಎಂದಳು. ಅದು ಸುಲಭದ್ದು. ಮಹಾಗಾಂವದವಳು ಮೂರು ವಾರದ ಮೇಲೆ ಬಂದಳು. ಅಂಬರೀನ್ ಸಿಸ್ಟರ್ ಪಂಚಶೀಲಾಳ ಬೆನ್ನಿಗೆ ಕೈ ಹಚ್ಚಿ, "ಮೊದಲು ನಿನ್ನ ಹೆಸರು ಹೇಳು. ಪೂರಾ. ಆಮ್ಯಾಲೆ ಆಕಿದು ಕೇಳು" ಎಂದು ಮುಂದೆ ನೂಕಿದರು.

"ನಾ ಪಂಚಶೀಲಾರೀ. ಕಮಲಾಪುರದ ತುಕಾರಾಮನ ಮಗಳು. ನಿಮ್ಮ ಹೆಸರು ಹೇಳ್ರಿ."

ಶಿವಕಾಂತಮ್ಮ ಅವಳನ್ನು ನೋಡಿದಳು. ಯಾರ ಪೈಕಿ ಎಂದು ಇನ್ನು ಕೇಳಬೇಕಾಗಿರಲಿಲ್ಲ. ಸೆರಗು ಸರಿಸಿ, ಕೈ ಮುಂದೆ ಚಾಚಿದಳು.

"ಶಿವಕಾಂತಮ್ಮ. ಮಹಾಗಾಂವ. ಚುಚ್ಚು, ನಿನ್ನ ಕೈ ಮೆತ್ತಗದ."

ಅಷ್ಟೇ. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ಎಂದೂ ಬೆಳೆಯಲಿಲ್ಲ. ಆದರೆ ಔಷಧ ಮುಗಿದು ತಪಾಸಣೆಗೆ ಬರುತ್ತಿದ್ದ ಐದು ವರ್ಷವೂ ಆಕೆ, "ಆ ಕಮಲಾಪುರದ ಹುಡುಗಿನ್ನ ಕರೀರಿ, ಸೂಜಿ ಆಕಿನೇ ಹಾಕಲಿ" ಎನ್ನುತ್ತಿದ್ದಳು. ಕೋಟನೂರಿನವಳು ಎರಡನೇ ವರ್ಷ ತೀರಿಕೊಂಡಳು. ಪಂಚಶೀಲಾ ಮಣ್ಣಿಗೆ ಹೋಗಿ ಬಂದಳು. ಪ್ರೀತಿ ಮದುವೆಯಾಗಿ ಸೋಲಾಪುರಕ್ಕೆ ಹೋದಳು. ಆ ವಾರ್ಡನ್ನೂ ಒಡೆದು ಕಟ್ಟಿದರು.

ಕಮಲಾಪುರದಲ್ಲಿ ತರಬೇತಿಯ ಮೂರನೇ ದಿನ ಪಂಚಶೀಲಾ ಇದನ್ನೆಲ್ಲ ಆರು ಮಂದಿಗೂ ಹೇಳಿದಳು, ಏನನ್ನೂ ಮುಚ್ಚಿಡದೆ. ಆರು ಮಂದಿಯಲ್ಲಿ ಹಿರಿಯನಾದ ಆನಂದಕುಮಾರ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಇದ್ದ. ಆಮೇಲೆ ಅಂದ, "ಮೇಡಂ, ಹಿಂದ ಒಂದು ಖಾಸಗಿ ದವಾಖಾನಿಯಾಗ ಇದ್ದಾಗ ನನ್ನ ಕೈಯಿಂದನೂ ಒಂದು ಆಗ್ಯಾದ್ರಿ. ಮನಿಯಾಗೂ ಹೇಳಿಲ್ಲ." ಅವನು ಹೇಳಿದ. ಅವನ ನಂತರ ಇನ್ನೊಬ್ಬಳು. ಊಟದ ಹೊತ್ತು ಮೀರಿತು. ಹದಿನೈದು ದಿನದಲ್ಲಿ ಅವರು ಹೆಚ್ಚು ಕಲಿತದ್ದು ಆ ಮಧ್ಯಾಹ್ನವೇ ಎಂದು ಪಂಚಶೀಲಾಳಿಗೆ ಆಮೇಲೆ ಅನ್ನಿಸಿತು.

ಕೋಣೆ ತೆರೆದ ದಿನ ಮೊದಲು ಬಂದವರು ಹಣಮಂತರಾಯ, ಅರವತ್ತರ ಆಸುಪಾಸಿನ ರೈತ. ಇಷ್ಟು ದಿನ ಮೊದಲ ಬಸ್ಸಿಗೆ ಕಲಬುರಗಿಗೆ ಹೋಗಿ, ಔಷಧ ಏರಿಸಿಕೊಂಡು, ವಾಂತಿ ತಡೆದುಕೊಳ್ಳುತ್ತಾ ಕತ್ತಲಾದ ಮೇಲೆ ಮನೆ ಸೇರುತ್ತಿದ್ದವರು. ಅವರ ಬಾಯಿಂದ ಹೆಸರು, ಊರು ಹೇಳಿಸಿಕೊಂಡು ಸೂಜಿ ಹಾಕಿದವಳು ಆರು ಮಂದಿಯಲ್ಲೊಬ್ಬಳಾದ ಅಂಬಿಕಾ ಎಂಬ ಹುಡುಗಿ. ಆನಂದಕುಮಾರ ಪಕ್ಕದಲ್ಲಿ ನಿಂತು ಔಷಧದ ಹೆಸರು ಓದಿದ. ಪಂಚಶೀಲಾ ಗೋಡೆಗೆ ಒರಗಿ ನೋಡಿದಳು, ಬಾಯಿ ಹಾಕಲಿಲ್ಲ. ಅಂಬಿಕಾ ಐದೈದು ನಿಮಿಷಕ್ಕೊಮ್ಮೆ ಸೂಜಿಯ ಸುತ್ತ ಮುಟ್ಟಿ ನೋಡುತ್ತಿದ್ದಳು.

ಮಧ್ಯಾಹ್ನ ಎರಡು ಗಂಟೆಗೆ ಮುಗಿಯಿತು. ಹಣಮಂತರಾಯರು ಚಪ್ಪಲಿ ಮೆಟ್ಟಿಕೊಂಡು ಹೊರಗಿನ ಬಿಸಿಲು ನೋಡಿದರು.

"ಮುಗೀತೇನವ್ವ? ಇನ್ನ ಹೊತ್ತ ಅದಲ್ಲ" ಎಂದರು ನಂಬದವರಂತೆ. "ಎಮ್ಮಿ ಹಿಂಡೋ ಹೊತ್ತಿಗೆ ಮನಿ ಮುಟ್ತೀನಿ."

ಅವರು ಟೆಂಪೋ ಹತ್ತಿ ಹೋಗುವುದನ್ನು ಮೂವರೂ ಬಾಗಿಲಲ್ಲಿ ನಿಂತು ನೋಡಿದರು. ಅಂಬಿಕಾ ಒಳಗೆ ಹೋಗಿ ಎರಡನೆಯ ರೋಗಿಯ ಚೀಟಿ ತೆಗೆದುಕೊಂಡಳು.